ನಿಮ್ಮ ಪತ್ರ, ನನ್ನ ಮಾತು: ಓಸಿ ನಂಬರು, ಒಂದು ಓಟು, ತಂಗಿಯ ಪಾಲು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ‘ಎಲ್ಲಾ ಹಣೆಬರಹ’ ಅಂತಲೇ ಮುಗಿದಿವೆ. ಅಂಥವನ್ನೇ ಮೊದಲು ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ತೀರ್ಥಹಳ್ಳಿ ಕಡೆಯ ಸಹಕಾರಿ ಸಂಘವೊಂದರಲ್ಲಿ ನಿವೃತ್ತಿಯಾಗುವ ತನಕ ಲೆಕ್ಕ ಬರೆದವಳು ನಾನು. ಸಾಲಕ್ಕೆ ಬಂದವರು ಸಾಲದ ಕಥೆ ಮಾತ್ರ ಹೇಳುವುದಿಲ್ಲ, ಮನೆಯ ಕಥೆಯನ್ನೂ ಹೇಳುತ್ತಾರೆ. ನನ್ನ ಉತ್ತರಗಳು ಬರುವುದು ಅಲ್ಲಿಂದ. ಓದುಗರ ಹೆಸರು ಹಾಕುವುದಿಲ್ಲ, ಊರು ಮಾತ್ರ.

ಅಕ್ಕಾ, ನಮ್ಮ ಮನೆಯವರು ಓಸಿ ಜೂಜಿನ ನಂಬರು ಬರೆಸುತ್ತಾರೆ. ಕೂಲಿಯ ಅರ್ಧ ದುಡ್ಡು ಅದಕ್ಕೇ. ‘47 ಬಂದು ಬಹಳ ದಿನ ಆಯ್ತು, ಇನ್ನು ಬಂದೇ ಬರುತ್ತೆ’ ಅನ್ನುತ್ತಾರೆ. ಅದರಲ್ಲಿ ಏನಾದರೂ ಲೆಕ್ಕ ಇದೆಯಾ? (ಭದ್ರಾವತಿ)

ಲೆಕ್ಕ ಇದೆ ತಂಗೀ. ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ.

00ಯಿಂದ 99ರ ತನಕ ಒಟ್ಟು ನೂರು ನಂಬರು. ಬರುವುದು ಒಂದು. ಹೊಡೆದರೆ ರೂಪಾಯಿಗೆ 80 ಕೊಡುತ್ತೇವೆ ಅನ್ನುತ್ತಾರೆ, ಕೆಲವು ಕಡೆ 70. ನಿಮ್ಮ ಯಜಮಾನರು ನೂರು ನಂಬರಿಗೂ ಒಂದೊಂದು ರೂಪಾಯಿ ಕಟ್ಟಿದರು ಅಂತಿಟ್ಟುಕೊಳ್ಳಿ. ಆಗ ನಂಬರು ಹೊಡೆದೇ ಹೊಡೆಯುತ್ತೆ, ತಪ್ಪುವ ಮಾತೇ ಇಲ್ಲ. ಕಟ್ಟಿದ್ದು 100, ಕೈಗೆ ಬಂದದ್ದು 80. ಖಂಡಿತ ಗೆಲ್ಲುವ ಹಾಗೆ ಆಡಿದರೂ 20 ರೂಪಾಯಿ ಹೋಯಿತು. ಚೀಟಿ ಬರೆಯುವವರು, ಅವರ ಮೇಲಿನವರು, ಎಲ್ಲರ ಸಂಸಾರ ನಡೆಯುವುದು ಆ 20ರಲ್ಲಿ.

ಇನ್ನು ‘ಬಹಳ ದಿನ ಆಯ್ತು’ ಅನ್ನುವ ಮಾತು. ಇದು ಓದಿದವರಿಗೂ ಇರುವ ನಂಬಿಕೆ. ಆದರೆ ನಿನ್ನೆ ಏನು ಬಂತು ಅನ್ನುವುದು ಇವತ್ತಿನ ನಂಬರಿಗೆ ಗೊತ್ತಿರುವುದಿಲ್ಲ. 47 ನಿನ್ನೆಯೇ ಬಂದಿದ್ದರೂ ಅಷ್ಟೇ, ವರ್ಷದಿಂದ ಬಾರದಿದ್ದರೂ ಅಷ್ಟೇ. ಇವತ್ತು ಬರುವ ಸಾಧ್ಯತೆ ನೂರಕ್ಕೆ ಒಂದು. ನೂರು ಜನ ಸೇರಿ, ಒಬ್ಬೊಬ್ಬರೂ ತಮ್ಮ ಒಂದೇ ನಂಬರಿಗೆ ನೂರು ದಿನ ಬಿಡದೆ ಕಟ್ಟಿದರು ಅನ್ನಿ. ಅವರಲ್ಲಿ ಸುಮಾರು 37 ಜನಕ್ಕೆ ಒಂದು ಸಲವೂ ಹೊಡೆಯುವುದಿಲ್ಲ. ಅವರೇನೂ ನತದೃಷ್ಟರಲ್ಲ, ಆಟದ ಲೆಕ್ಕವೇ ಹಾಗೆ. ಅದೂ ನಂಬರು ತೆಗೆಯುವವರು ಪ್ರಾಮಾಣಿಕರಾಗಿದ್ದರೆ ಮಾತ್ರ. ಎಲ್ಲಿ ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ, ನಿಮ್ಮ ಊರಲ್ಲಿ ಕಣ್ಣಾರೆ ನೋಡಿದವರು ಯಾರಾದರೂ ಇದ್ದಾರಾ?

ಕರ್ನಾಟಕದಲ್ಲಿ ಲಾಟರಿಯನ್ನೇ 2007ರಲ್ಲಿ ನಿಲ್ಲಿಸಿದರು. ದುಡ್ಡು ಕಟ್ಟಿ ಆಡುವ ಮೊಬೈಲ್ ಆಟಗಳನ್ನು 2025ರಲ್ಲಿ ಕೇಂದ್ರದ ಕಾನೂನು ನಿಷೇಧಿಸಿತು. ಓಸಿಗಂತೂ ಯಾವತ್ತೂ ಕಾನೂನಿನ ಒಪ್ಪಿಗೆ ಇರಲಿಲ್ಲ. ಗೆದ್ದ ದುಡ್ಡು ಕೊಡದಿದ್ದರೂ ಹೋಗಿ ದೂರು ಕೊಡುವ ಹಾಗಿಲ್ಲ.

ಆದರೆ ಬೈಯಬೇಡಿ. ನಿಮ್ಮ ಊರಲ್ಲಿ ಕಾಗದದ ಕಾರ್ಖಾನೆ ನಿಂತುಹೋಯಿತು. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ನಾಳೆಯ ಕೆಲಸ ಖಾತ್ರಿ ಇಲ್ಲದ ಕಡೆ ಮನುಷ್ಯ ನಂಬರಿನ ಮೇಲೆ ಆಸೆ ಇಡುತ್ತಾನೆ. ಆ ಸಂಕಟ ನನಗೆ ಅರ್ಥವಾಗುತ್ತೆ. ಅವರ ಕೈಗೆ ಕೂಲಿ ಬಂದ ದಿನವೇ ಸಂಘದ ಕಂತು, ದಿನಸಿ, ಮಕ್ಕಳ ಖರ್ಚು ತೆಗೆದಿಡುವ ಹಾಗೆ ಇಬ್ಬರೂ ಕೂತು ಮಾತಾಡಿಕೊಳ್ಳಿ. ಬಿಡಬೇಕು ಅಂದರೂ ಬಿಡಲು ಆಗುತ್ತಿಲ್ಲ ಅಂತ ಅವರೇ ಹೇಳಿದರೆ 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ವಿಧಾನಸಭೆ, ಲೋಕಸಭೆ ಚುನಾವಣೆಗೆಲ್ಲ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಊರಿಗೆ ಬರುತ್ತೇನೆ. ಗ್ರಾಮ ಪಂಚಾಯಿತಿಗೂ ಬರಬೇಕಾ? ಒಂದು ಓಟಿಂದ ಏನಾಗುತ್ತೆ? (ಹೊಸನಗರ)

ಬನ್ನಿ. ಪಂಚಾಯಿತಿಗಂತೂ ಬರಲೇಬೇಕು.

2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು ಬಂತು. ಎದುರು ನಿಂತಿದ್ದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಅಷ್ಟು ದೊಡ್ಡ ಕ್ಷೇತ್ರದಲ್ಲೇ ಒಂದು ಓಟು ಶಾಸಕರನ್ನು ತೀರ್ಮಾನ ಮಾಡಿತು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಕಳೆಯಿರಿ, ನಿಮ್ಮ ಹಾಗೆ ಊರು ಬಿಟ್ಟವರನ್ನು ಕಳೆಯಿರಿ, ಮಳೆ ಅಂತ ಮನೆಯಲ್ಲೇ ಕೂತವರನ್ನು ಕಳೆಯಿರಿ. ಉಳಿದವರು ಎಷ್ಟು? ಇಬ್ಬರಿಗೂ ಸಮ ಓಟು ಬಂದರೆ ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ. ನೀವು ಬಾರದೆ ಹೋದರೆ ಊರಿನ ಐದು ವರ್ಷ ಒಂದು ಚೀಟಿಯ ಕೈಗೆ ಹೋಗಬಹುದು.

ಹಳ್ಳಕ್ಕೆ ಕಾಲುಸಂಕ ಯಾವ ಕೇರಿಗೆ ಮೊದಲು, ನೀರಿನ ಪೈಪು ಯಾರ ಮನೆ ತನಕ, ಉದ್ಯೋಗ ಖಾತ್ರಿಯಲ್ಲಿ ಯಾವ ರಸ್ತೆ, ಇದೆಲ್ಲ ತೀರ್ಮಾನವಾಗುವುದು ಅಲ್ಲೇ. ಜುಲೈನಲ್ಲಿ ಶಾಲೆ ಮಕ್ಕಳು ಮರದ ದಿಮ್ಮಿ ಹಿಡಿದು ಹಳ್ಳ ದಾಟುವುದನ್ನು ನೋಡಿದವರಿಗೆ ಈ ಚುನಾವಣೆ ಚಿಕ್ಕದು ಅನಿಸುವುದಿಲ್ಲ. ಓಟಿಗೆ ಬಂದವರು ಒಮ್ಮೆ ಗ್ರಾಮ ಸಭೆಗೂ ಬನ್ನಿ. ಅಲ್ಲಿ ಕುರ್ಚಿಗಳು ಖಾಲಿ ಇರುತ್ತವೆ. ಅದು ನನಗೆ ನಿಜವಾಗಿ ನೋವಿನ ವಿಷಯ.

ಮಗಳು ಮಂತ್ರ ಮಾಂಗಲ್ಯ ಆಗುತ್ತೇನೆ ಅನ್ನುತ್ತಾಳೆ. ‘ದುಡ್ಡಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ’ ಅಂತ ನೆಂಟರು ಹೆದರಿಸುತ್ತಾರೆ. (ತೀರ್ಥಹಳ್ಳಿ)

ಕುಪ್ಪಳಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹೀಗೆ ಸರಳವಾಗಿ, ಅದ್ದೂರಿಯಿಲ್ಲದೆ ಮಾಡಿದರು. ಅವರಿಗೆ ಗತಿ ಇರಲಿಲ್ಲ ಅಂತ ಯಾರೂ ಅನ್ನಲಿಲ್ಲ. ಮದುವೆ ಸಾಲದ ಕಡತಗಳನ್ನು ನಾನು ಬಹಳ ನೋಡಿದ್ದೇನೆ. ಮೊಮ್ಮಗು ಶಾಲೆಗೆ ಸೇರಿದರೂ ಕಂತು ಮುಗಿಯದ ಮನೆಗಳಿವೆ. ಮಗಳು ದಾರಿ ತೋರಿಸುತ್ತಿದ್ದಾಳೆ, ಧೈರ್ಯವಾಗಿ ಹಿಂದೆ ಹೋಗಿ. ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಮಾತ್ರ ಮರೆಯಬೇಡಿ.

ವಯಸ್ಸು 36. ಎರಡೆಕರೆ ಅಡಿಕೆ ತೋಟ, ಸ್ವಂತ ಮನೆ, ಕೆಟ್ಟ ಚಟ ಇಲ್ಲ. ಆದರೂ ಹೆಣ್ಣು ಕೊಡುವವರಿಲ್ಲ. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವನಿಗೆ ಸಿಗುತ್ತೆ. ನನ್ನ ಹಣೆಬರಹ ಅಲ್ವಾ ಅಕ್ಕಾ? (ಸೊರಬ)

ಅಲ್ಲ ತಮ್ಮಾ. ನಿನ್ನ ಪತ್ರದಂಥ ಪತ್ರ ಮಲೆನಾಡಿನ ಎಲ್ಲಾ ತಾಲ್ಲೂಕಿನಿಂದಲೂ ಬರುತ್ತಿದೆ. ಇಷ್ಟು ಜನರ ಹಣೆಯಲ್ಲಿ ಒಂದೇ ಬರಹ ಇರುವುದಕ್ಕೆ ಸಾಧ್ಯವಾ?

ನಮ್ಮ ಬಳಗದ ಹುಡುಗಿಯರನ್ನು ಕೂರಿಸಿಕೊಂಡು ಕೇಳಿದೆ. ತೋಟ ಕಂಡರೆ ಅವರಿಗೆ ಬೇಸರ ಇಲ್ಲ. ಅವರಿಗೆ ಕಾಣುವುದು ಅಮ್ಮ ಬದುಕಿದ ರೀತಿ. ಬೆಳಗಾಗುವ ಮೊದಲು ಕೊಟ್ಟಿಗೆ. ಸುಗ್ಗಿಯಲ್ಲಿ ಆಳುಗಳಿಗೆಲ್ಲ ತಿಂಡಿ, ಊಟ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು. ಅಷ್ಟೆಲ್ಲ ಆದಮೇಲೆ ಅಡಿಕೆ ಮಂಡಿಗೆ ಹೋಗುತ್ತೆ, ದುಡ್ಡು ಗಂಡನ ಖಾತೆಗೋ ಮಾವನ ಖಾತೆಗೋ ಬೀಳುತ್ತೆ. ಒಂದು ಜೊತೆ ಚಪ್ಪಲಿ ಬೇಕಾದರೂ ಅವಳು ಕೇಳಿ ಪಡೆಯಬೇಕು. ಪೇಟೆಯ ಬಾಡಿಗೆ ಮನೆಯಲ್ಲಿ ಅವಳಿಗೂ ಒಂದು ಕೆಲಸ ಸಿಗುತ್ತೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತೆ. ಲೆಕ್ಕ ಬರೆಯುತ್ತಿದ್ದಾಗ ನಾನೂ ಇದನ್ನೇ ನೋಡಿದ್ದು. ಅಡಿಕೆ ಸುಲಿದವರು ಹೆಂಗಸರು, ಪಾಸ್‌ಬುಕ್ಕು ಗಂಡಸರದ್ದು.

ಹಾಗಾಗಿ ಹೆಣ್ಣು ನೋಡಲು ಹೋದಾಗ ತೋಟ ಎಷ್ಟು ಅಂತ ಹೇಳುವುದರ ಜೊತೆಗೆ ಇದನ್ನೂ ಹೇಳು: ಬೆಳೆಯ ದುಡ್ಡಲ್ಲಿ ಇಷ್ಟು ಅವಳ ಖಾತೆಗೆ. ಅವಳು ಕೆಲಸಕ್ಕೆ ಹೋಗುತ್ತೇನೆ ಅಂದರೆ ಯಾರೂ ಅಡ್ಡ ಬರುವುದಿಲ್ಲ. ಇದನ್ನು ನಿಮ್ಮ ಅಮ್ಮನ ಎದುರಿಗೇ ಹೇಳು. ಬಚ್ಚಲು, ಪಾಯಿಖಾನೆ ಮನೆಗೆ ಸೇರಿದ ಹಾಗೆ ಮಾಡಿಸು. ಮನೆಯಲ್ಲಿ ಕೂತೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿಯರಿದ್ದಾರೆ, ಇಂಟರ್ನೆಟ್ ಸರಿ ಇದ್ದರೆ ಅವರು ಹಳ್ಳಿಗೂ ಬರುತ್ತಾರೆ.

ಜಾತಿಯೊಳಗೆ ಮಾತ್ರ, ಮೊದಲ ಮದುವೆಯವಳು ಮಾತ್ರ ಅಂತ ಬೇಲಿ ಹಾಕಿಕೊಂಡಿದ್ದರೆ ತೆಗೆದುಬಿಡು. ಗಂಡನನ್ನು ಕಳೆದುಕೊಂಡು ಮಗು ಸಾಕುತ್ತಿರುವ ಒಳ್ಳೆಯ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೇ ಇದ್ದಾರೆ. ದೂರದ ಊರಿನಿಂದ ಹೆಣ್ಣು ತರುತ್ತೇನೆ, ಮುಂಗಡ ಕೊಡು ಅನ್ನುವ ದಲ್ಲಾಳಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡ. ಹಾಗೆ ಕೊಟ್ಟು ಅತ್ತವರನ್ನು ನಾನು ಬಲ್ಲೆ.

ನಮ್ಮ ಅಡಿಕೆ ತೋಟಕ್ಕೆ ವರ್ಷಾ ವರ್ಷಾ ಕೊಳೆ ರೋಗ. ಬೇಲಿಯಾಚೆಯವರಿಗೆ ಅಷ್ಟಿಲ್ಲ. ಅದೃಷ್ಟವಾ, ಕಣ್ಣುದೃಷ್ಟಿಯಾ? (ಕೊಪ್ಪ)

ಮಳೆ ನಮ್ಮ ಕೈಯಲ್ಲಿಲ್ಲ. ನಿಮ್ಮ ಕಡೆ ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ, ಕೊಳೆಯ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಆದರೆ ಔಷಧಿ ಹೊಡೆಯುವ ದಿನ ನಮ್ಮ ಕೈಯಲ್ಲಿದೆ. ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ಎಲ್ಲರಿಗೂ ಗೊತ್ತು. ಮಳೆ ಹಿಡಿಯುವ ಮೊದಲೇ ಒಂದು ಸಲ, ಸುಮಾರು 40-45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಮಳೆ ಹಿಡಿದ ಮೇಲೆ ಮರ ಹತ್ತುವ ಕೊನೆಗಾರ ಸಿಗುವುದಿಲ್ಲ, ಸಿಕ್ಕರೂ ಮರ ಜಾರುತ್ತೆ. ಬೇಲಿಯಾಚೆಯವರು ಮೇ ತಿಂಗಳಲ್ಲೇ ಕೊನೆಗಾರನಿಗೆ ಹೇಳಿಟ್ಟಿರುತ್ತಾರಾ, ಒಮ್ಮೆ ವಿಚಾರಿಸಿ. ಉದುರಿದ ಕಾಯಿ ಹೆಕ್ಕಿ ಹೊರಗೆ ಹಾಕುತ್ತಾರಾ, ಅದನ್ನೂ ನೋಡಿ. ದೃಷ್ಟಿ ಅಂತ ಮನಸ್ಸಲ್ಲಿಟ್ಟುಕೊಂಡರೆ ಅವರ ಮನೆಗೆ ಹೋಗಿ ಕೇಳುವುದೇ ತಪ್ಪಿಹೋಗುತ್ತೆ.

ಸೇತುವೆ ಬಂತು, ಸಂತೋಷ. ಆದರೆ ಇಷ್ಟು ವರ್ಷ ಕಾದದ್ದಕ್ಕೆ ಯಾರನ್ನು ಕೇಳುವುದು? (ತುಮರಿ)

ಈ ಪತ್ರ ಓದಿ ಬಹಳ ಹೊತ್ತು ಸುಮ್ನೆ ಕೂತೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ನೀರು ಏರಿತು. ಗದ್ದೆ, ತೋಟ, ದೇವಸ್ಥಾನ ಮುಳುಗಿತು. ಉಳಿದವರ ಮೂರು ಕಡೆಗೂ ನೀರು. ಆ ನೀರಿನಿಂದ ನಾಡಿಗೆಲ್ಲ ದೀಪ ಬಂತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. 61 ವರ್ಷ. ಅಷ್ಟು ಕಾಲ ನೀವು ಲಾಂಚಿಗೆ ಕಾದಿರಿ. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಬಳಸು ದಾರಿಯೇ ಗತಿ. ನಾನು ಹುಟ್ಟಿದ್ದು ತುಂಗೆಯ ದಡದಲ್ಲಿ, ಸೇತುವೆ ಇರುವ ಕಡೆ. ನೀವು ಹುಟ್ಟಿದ್ದು ಶರಾವತಿಯ ಆಚೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಆದರೆ ನಿಮ್ಮನ್ನು ಅಲ್ಲೇ ಕಾಯಿಸಿದ್ದು ದೇವರಲ್ಲ. ಒಂದಾದ ಮೇಲೊಂದು ಬಂದ ಸರ್ಕಾರಗಳು. ಸುಮ್ಮನೆ ದೀಪ ಹಾಕಿಕೊಂಡ ನಾವೂ ಅದರಲ್ಲಿ ಸೇರಿದ್ದೇವೆ. ಈ ಜಿಲ್ಲೆಯಿಂದ ಮುಖ್ಯಮಂತ್ರಿಗಳೂ ಆದರು.

ಕೇಳುವುದನ್ನು ನಿಲ್ಲಿಸಬೇಡಿ. ಮುಳುಗಡೆಯಾಗಿ ಬೇರೆ ಬೇರೆ ಕಾಡಂಚಿಗೆ ಹೋದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ತಾವು ಉಳುವ ನೆಲದ ಹಕ್ಕುಪತ್ರ ಇಲ್ಲ. ಅವರ ಪರವಾಗಿ ದನಿ ಎತ್ತಲು ನಿಮಗಿಂತ ಬೇಕಾದವರು ಯಾರಿದ್ದಾರೆ? ಮುಳುಗಿದ ಊರನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿ, ಯಾರ ಮನೆ ಎಲ್ಲಿತ್ತು, ಯಾರಿಗೆ ಎಷ್ಟು ಪರಿಹಾರ ಬಂತು ಅಂತ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತಡ ಮಾಡಬೇಡಿ.

ಅಜ್ಜನಿಗೆ ಗೇಣಿ ಡಿಕ್ಲರೇಷನ್‌ನಲ್ಲಿ ಬಂದ ತೋಟ. ಅಪ್ಪ ತೀರಿಕೊಂಡರು. ಅಣ್ಣ ಹಕ್ಕು ಬಿಡುಗಡೆ ಪತ್ರ ತಂದು ‘ಸಹಿ ಹಾಕು’ ಅನ್ನುತ್ತಾನೆ. ಹಾಕದಿದ್ದರೆ ತವರು ತಪ್ಪುತ್ತೆ. ಏನು ಮಾಡಲಿ? (ಸಾಗರ)

ಇವತ್ತು ಸಹಿ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಮೊದಲು ಆ ತೋಟ ನಿಮ್ಮ ಮನೆಗೆ ಹೇಗೆ ಬಂತು ನೋಡಿ. ನಿಮ್ಮ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಅನ್ನುವ ಜಗಳದಿಂದ ಶುರುವಾಗಿ ಅದು ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಕಾನೂನು ಬದಲಾಗಿ ಉಳುವವನಿಗೆ ನೆಲ ಬಂತು. ನಿಮ್ಮ ಅಜ್ಜ ಡಿಕ್ಲರೇಷನ್ ಕೊಟ್ಟದ್ದು ಆಗ. ಒಡೆಯರ ಮುಖ ನೋಡಿ, ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿ ಹಾಕದೆ ಉಳಿದ ಗೇಣಿದಾರರೂ ನಮ್ಮ ಕಡೆ ಇದ್ದರು. ಅವರ ಮೊಮ್ಮಕ್ಕಳು ಇವತ್ತು ಕೂಲಿಗೆ ಹೋಗುತ್ತಾರೆ. ದಾಕ್ಷಿಣ್ಯದ ಬೆಲೆ ಅಷ್ಟು.

ಈಗ ಕಾನೂನು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಸಿಗುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ ಯಾವಾಗ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಇದ್ದರೆ ಅದನ್ನು ಕೆದಕುವ ಹಾಗಿಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಕೊಂಡದ್ದನ್ನು ಉಯಿಲು ಬರೆದಿದ್ದರೆ ಅದು ಬೇರೆ ಮಾತು. ಪಹಣಿ, ಅಜ್ಜನ ಗೇಣಿ ಆದೇಶ, ಪೌತಿ ಖಾತೆಯ ಕಾಗದ ತೆಗೆದುಕೊಂಡು ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ಅಣ್ಣನ ಕಡೆಯೂ ಒಂದು ಮಾತಿದೆ. ಊರಲ್ಲೇ ಉಳಿದವನು ಅವನು. ಅಪ್ಪ, ಅಮ್ಮನನ್ನು ನೋಡಿಕೊಂಡಿದ್ದಾನೆ, ತೋಟಕ್ಕೆ ಸಾಲ ಮಾಡಿದ್ದಾನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಪಾಲು ಪೂರ್ತಿ ಬೇಡ ಅನಿಸಿದರೆ ಕಡಿಮೆ ತೆಗೆದುಕೊಳ್ಳಿ, ಅಥವಾ ಅದರ ಬೆಲೆ ಕಂತಿನಲ್ಲಿ ಕೊಡು ಅನ್ನಿ. ಎಲ್ಲವನ್ನೂ ತಿಳಿದು, ಮನಸ್ಸಾರೆ ಬಿಟ್ಟುಕೊಟ್ಟರೆ ಅದೂ ನಿಮ್ಮಿಷ್ಟ. ಆದರೆ ಹೆದರಿ ಕೊಡಬೇಡಿ. ಸಹಿ ಹಾಕಿದರೆ ಮಾತ್ರ ತೆರೆಯುವ ಬಾಗಿಲನ್ನು ನಾನಂತೂ ತವರು ಅನ್ನಲಾರೆ. ಅಮ್ಮ ಇದ್ದರೆ ಅವರಿಗೂ ಒಂದು ಪಾಲಿದೆ. ಅವರ ಹತ್ತಿರವೂ ಈ ಪತ್ರಕ್ಕೆ ಸಹಿ ಕೇಳಿದ್ದಾರಾ, ಮೊದಲು ತಿಳಿದುಕೊಳ್ಳಿ.

ಬಾಲ್ಯದ ಗೆಳೆಯ. ಪಕ್ಷ ಬೇರೆ ಅಂತ ಎರಡು ವರ್ಷದಿಂದ ಮಾತಿಲ್ಲ. ನಾನೇ ಹೋಗಬೇಕಾ? (ಶಿವಮೊಗ್ಗ)

ಹೋಗಿ. ವಾಟ್ಸಾಪಿನಲ್ಲಿ ಕಳಿಸಬೇಡಿ, ಮನೆಗೇ ಹೋಗಿ. ಚುನಾವಣೆಯ ಮಾತು ಎತ್ತಬೇಡಿ. ಅವರ ಅಮ್ಮನ ಆರೋಗ್ಯ ವಿಚಾರಿಸಿ. ನಿಮ್ಮ ಮನೆಯಲ್ಲಿ ನಡೆಯುವ ಯಾವುದಾದರೂ ಕೆಲಸಕ್ಕೆ ಅವರ ಸಹಾಯ ಕೇಳಿ. ಹಿಂದೆ ಸಂಘದ ಚುನಾವಣೆಯಲ್ಲಿ ಎದುರಾಬದುರು ನಿಂತವರು ಮರುವಾರ ಒಬ್ಬರ ಗದ್ದೆಗೆ ಒಬ್ಬರು, ಕೆಲಸಕ್ಕೆ ಕೆಲಸ ಅಂತ, ಮುಯ್ಯಾಳಾಗಿ ಹೋಗುತ್ತಿದ್ದರು. ನಾಟಿ ನಿಲ್ಲುವ ಹಾಗಿರಲಿಲ್ಲ ಅಲ್ವಾ.

ಅಮ್ಮನಿಗೆ 74. ಆಗುಂಬೆ ಹತ್ತಿರ ಒಂಟಿ ಮನೆ. ಬಾ ಅಂದರೆ ಬರುವುದಿಲ್ಲ. ಬಿಟ್ಟಿರಲು ನನಗೆ ಆಗುವುದಿಲ್ಲ. (ಬೆಂಗಳೂರು)

ಅವರು ಬಾರದಿರುವುದು ಹಟ ಅಲ್ಲ. ಅಲ್ಲಿ ಅವರು ಯಜಮಾನಿ. ಯಾವ ಹೊತ್ತಿಗೆ ಒಲೆ ಹಚ್ಚಬೇಕು, ಯಾರಿಗೆ ಮಜ್ಜಿಗೆ ಕೊಡಬೇಕು, ಎಲ್ಲಾ ಅವರದೇ ತೀರ್ಮಾನ. ನಿಮ್ಮ ಫ್ಲಾಟಿನಲ್ಲಿ ಅವರು ನೆಂಟರು. ಒತ್ತಾಯ ಮಾಡಬೇಡಿ, ಆದರೆ ಅಲ್ಲಿಯ ದಿನಗಳನ್ನು ಸುಲಭ ಮಾಡಿಕೊಡಿ.

ಹಬ್ಬಕ್ಕೆ ಕಾಯದೆ ಈ ಸಲ ಮೇ ತಿಂಗಳಲ್ಲೇ ನಾಲ್ಕು ದಿನ ರಜೆ ಹಾಕಿ ಬನ್ನಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳಲಾಗುವುದಿಲ್ಲ, ಮೊಬೈಲ್ ಟವರ್ ಕೂಡ ಜೊತೆಗೇ ಹೋಗುತ್ತೆ. ಚಾರ್ಜ್ ಮಾಡುವ ದೀಪ ಎರಡು ತಂದಿಡಿ. ಬಿಪಿ, ಶುಗರ್ ಮಾತ್ರೆ ಎರಡು ತಿಂಗಳಿಗೆ ಆಗುವಷ್ಟು ಇರಲಿ. ಫೋನ್ ಎತ್ತದಿದ್ದರೆ ಹೋಗಿ ನೋಡಿ ಬರುವ ಒಬ್ಬರು ಹತ್ತಿರದ ಮನೆಯಲ್ಲಿ ಬೇಕು. ಅವರನ್ನು ಕಂಡು ಮಾತಾಡಿ, ಮನೆಯ ಇನ್ನೊಂದು ಬೀಗದ ಕೈ ಅವರ ಹತ್ತಿರ ಕೊಡಿ. ನಮ್ಮ ಕಡೆ ವಯಸ್ಸಾದವರ ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಎರಡೇ ಜಾಗದಲ್ಲಿ, ಬಚ್ಚಲಲ್ಲಿ ಮತ್ತು ಪಾಚಿ ಕಟ್ಟಿದ ಅಂಗಳದಲ್ಲಿ. ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ. ಬಾಗಿಲಿನಿಂದ ಕೊಟ್ಟಿಗೆಯ ತನಕ, ಬಾವಿಯ ತನಕ ಅಡಿಕೆ ಮರ ಸೀಳಿದ ದಬ್ಬೆ ಹಾಸಿಸಿ. ಆಳು ಸಿಗಲಿಲ್ಲ ಅಂದರೆ ನೀವೇ ಹಾಸಿ, ಒಂದು ದಿನದ ಕೆಲಸ ಅಷ್ಟೇ.